ಫುಲ್ ಟೈಟ್

ನನ್ನ ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಹಳೆಯ ಕಟ್ಟಡಗಳ ಲಿಫ್ಟುಗಳೆಲ್ಲ ಒಂದಲ್ಲ ಒಂದು ಸಲ ಅವರಿಂದ ಬೈಸಿಕೊಂಡಿವೆ. ಕೆಲಸದ ಜಾಗದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಟೈಟಣ್ಣ. ಈಚೆಗೆ ಕೆಲಸಕ್ಕೆ ಸೇರಿದವರನ್ನು ಯಾಕೆ ಆ ಹೆಸರು ಎಂದು ಕೇಳಿದರೆ, "ಅವ್ರು ತಿರುಗಿಸಿದ ಬೋಲ್ಟು ಆಮೇಲೆ ಯಾರಪ್ಪನ ಕೈಗೂ ಬಗ್ಗಲ್ಲ, ಅದಕ್ಕೇ" ಎನ್ನುತ್ತಾರೆ. ಹಳಬರನ್ನು ಕೇಳಿದರೆ ಮೀಸೆಯಡಿ ನಗುತ್ತಾರೆ.

ನನಗೆ ಗೊತ್ತಿರುವುದು ಹಳಬರ ಕಾರಣ. ನಾನು ಹೈಸ್ಕೂಲು ಮುಗಿಸುವವರೆಗೂ ಅಪ್ಪ ದಿನಾ ಕುಡಿಯುತ್ತಿದ್ದರು. ಅವರು ಬೀದಿಯ ತಿರುವಿಗೆ ಬರುತ್ತಿದ್ದಂತೆಯೇ ಅಮ್ಮ ನಡಿಗೆ ನೋಡಿ, "ಇವತ್ತೂ ಟೈಟು. ಬಾಗಿಲು ತೆಗೆದು ನೀನು ಒಳಗೆ ಹೋಗಿ ಓದ್ಕೋ" ಎನ್ನುತ್ತಿದ್ದಳು. ನಾನು ಕಲಿತ ಮೊದಲ ಇಂಗ್ಲಿಷ್ ಗುಣವಾಚಕ ಅದು. ಕೆಂಪು, ಹಸಿರು, ದೊಡ್ಡದು, ಚಿಕ್ಕದು ಇವುಗಳ ಇಂಗ್ಲಿಷನ್ನು ಶಾಲೆಯವರು ಆಮೇಲೆ ಕಲಿಸಿದರು. ಮುಂದೆ ನಾನು ಕಾಲೇಜಿಗೆ ಸೇರಿದ ವರ್ಷ ಅಪ್ಪ ಕುಡಿಯುವುದನ್ನು ನಿಲ್ಲಿಸಿದರು. ಬಿಟ್ಟೆ ಎಂದು ಡಂಗುರ ಸಾರಲಿಲ್ಲ, ಆಣೆ ಇಡಲಿಲ್ಲ. ಸಂಜೆ ನೆಟ್ಟಗೆ ನಡೆದು ಮನೆಗೆ ಬರತೊಡಗಿದರು, ಅಷ್ಟೆ. ನಾವು ತಾಯಿ ಮಗಳು ಈ ನೆಟ್ಟಗಿನ ನಡಿಗೆ ಇಂದು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಎಂದು ಉಸಿರು ಬಿಗಿ ಹಿಡಿದು ಕಾದೆವು. ಮುಗಿಯಲಿಲ್ಲ. ಹಳೆಯ ಹೆಸರು ಹಾಗೇ ಉಳಿದು, ಅದರೊಳಗಿನ ಸರಕು ಮಾತ್ರ ಬದಲಾಯಿತು.

ಇದನ್ನೆಲ್ಲ ನಾನು ಗಮನಿಸಲು ಕಾರಣ ನನ್ನ ಕಸುಬು. ಕನ್ನಡಕ್ಕೆ ಬಂದು ಇಲ್ಲೇ ಬೀಡುಬಿಟ್ಟ ಇಂಗ್ಲಿಷ್ ಪದಗಳ ನಿಘಂಟೊಂದು ತಯಾರಾಗುತ್ತಿದೆ. ಆ ಕಚೇರಿಯಲ್ಲಿ ನನಗೆ ಕೆಲಸ. ಒಂದು ಪದ ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾರ ಸಹವಾಸದಿಂದ ಕೆಟ್ಟಿತು ಎಂದು ಸಂಬಂಧ ಕುದುರಿಸುವವರ ಹಾಗೆ ವಿಚಾರಿಸುತ್ತಾ ಕೂತಿರುತ್ತೇನೆ. ಅಮ್ಮನ ಮಾತಿನಲ್ಲಿ ಹೇಳುವುದಾದರೆ, ಊರವರ ಬಾಯಿಗೆ ಬಂದದ್ದನ್ನೆಲ್ಲ ಬರೆದುಕೊಂಡು ಸಂಬಳ ಎಣಿಸುತ್ತೇನೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಹಳೆಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ಹತ್ತುವಾಗ ಇಳಿಯುವಾಗ ಗಡಗಡ ಅಲ್ಲಾಡುತ್ತಿದೆಯೆಂದು ದೂರು ಬಂತು. ಅಪ್ಪ ಹೋಗಿ, ಲಿಫ್ಟ್ ಓಡಾಡುವ ಹಳಿಯನ್ನು ಗೋಡೆಗೆ ಹಿಡಿದಿಡುವ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿದರು. ಅಷ್ಟರಲ್ಲಿ ಸೂಪರ್‌ವೈಸರ್ ಫೋನ್ ಮಾಡಿದ. ಬೇರೆ ಶಾಖೆಯಿಂದ ಹೊಸದಾಗಿ ಬಂದವನು, ಅಪ್ಪನ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. "ಹೇಗಿದೆ ಪರಿಸ್ಥಿತಿ?" ಎಂದು ಕೇಳಿದ. ಅಪ್ಪ, "ಫುಲ್ ಟೈಟು ಸಾರ್! ಇನ್ನು ಅಲ್ಲಾಡಲ್ಲ" ಎಂದರು.

ಲಿಫ್ಟ್ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಮಧ್ಯಾಹ್ನ ಎರಡು ಮಹಡಿಗಳ ನಡುವೆ ನಿಂತದ್ದು ಅಲ್ಲಾಡಲೇ ಇಲ್ಲ. ಒಳಗೆ ಜನ ಸಿಕ್ಕಿಕೊಂಡರು, ಒಬ್ಬರು ತಲೆಸುತ್ತಿ ಕುಸಿದರು. ಅಪ್ಪನೇ ವಾಪಸ್ ಓಡಿ ಕೈಯಿಂದ ಬಾಗಿಲು ಬಿಡಿಸಿ ಎಲ್ಲರನ್ನೂ ಇಳಿಸಿದರು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ಸ್ವಿಚ್ಚು ಸವೆದುಹೋಗಿತ್ತಂತೆ. ಹಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಟ್ಟಡದವರು ಸಂಜೆ ಕಂಪನಿಗೆ ಫೋನ್ ಮಾಡಿ, "ಬೆಳಗ್ಗೆ ಬಂದವನಿಗೆ ಕಣ್ಣು ಕಾಣ್ತಿರ್ಲಿಲ್ವಾ?" ಎಂದು ಕೂಗಾಡಿದರು. ಆಗ ಸೂಪರ್‌ವೈಸರ್‌ಗೆ ಫೋನಿನಲ್ಲಿ ಕೇಳಿದ ಮಾತು ನೆನಪಾಯಿತು. ಅವನ ಕಡೆಯವರಲ್ಲಿ 'ಫುಲ್ ಟೈಟ್' ಎಂದರೆ ಒಂದೇ ಅರ್ಥ. ಅಷ್ಟು ಹೊತ್ತಿಗೆ ಅಪ್ಪ ಮನೆ ಸೇರಿದ್ದರು, ಉಸಿರು ಪರೀಕ್ಷಿಸುವ ಹೊತ್ತು ಮೀರಿತ್ತು.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದರು. ಕುಡಿದು ಕೆಲಸ ಮಾಡಿದ್ದು ನಿಜವೆಂದು ತೀರ್ಮಾನವಾದರೆ ಲೈಸೆನ್ಸ್ ರದ್ದು. ಆಮೇಲೆ ಈ ಕಂಪನಿಯಿರಲಿ, ಯಾವ ಕಂಪನಿಯ ಲಿಫ್ಟನ್ನೂ ಅಪ್ಪ ಮುಟ್ಟುವ ಹಾಗಿಲ್ಲ. ಅವರಿಗೆ ಬರುವುದು ಅದೊಂದೇ ಕೆಲಸ.

ಅಪ್ಪ ಮನೆಯಲ್ಲಿ ಕೂತರು. ಕೂತರು ಎಂದರೆ ತಪ್ಪು. ಕುಕ್ಕರಿನ ಹಿಡಿ, ಕುರ್ಚಿಯ ಕಾಲು, ಕಿಟಕಿಯ ಕೀಲು, ಕಪಾಟಿನ ಚಿಲಕ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಗಿ ಮಾಡುತ್ತಾ ಹೋದರು. ಕೊನೆಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅಮ್ಮ ನನ್ನನ್ನು ಕರೆದಳು. ಇಷ್ಟೆಲ್ಲದರ ನಡುವೆ ಅಪ್ಪ ಒಂದು ಮಾತನ್ನು ಮಾತ್ರ ಆಡಲಿಲ್ಲ. 'ನಾನು ಕುಡಿದಿರಲಿಲ್ಲ' ಎಂದು ಅವರು ಹೇಳಲಿಲ್ಲ.

ನಾನೇ ಕೇಳಿದೆ. "ಫೋನಲ್ಲಿ ಸರಿಯಾಗಿ ಏನಂದ್ರಿ ಅಪ್ಪಾ?"

"ಫುಲ್ ಟೈಟು, ಇನ್ನು ಅಲ್ಲಾಡಲ್ಲ ಅಂದೆ."

"ಬೋಲ್ಟಿನ ವಿಷಯ ತಾನೇ?"

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸಿದರು. "ಮಾತಿನ ವಿದ್ಯೆ ಓದಿದೋಳು ನೀನು. ನೀನೇ ನೋಡು."

"ಮಗಳು ಕೇಳ್ತಿರೋದಕ್ಕೆ ನೆಟ್ಟಗೆ ಒಂದು ಉತ್ತರ ಕೊಡ್ಬಾರ್ದಾ?" ಎಂದು ಅಮ್ಮ ಅಡುಗೆಮನೆಯಿಂದಲೇ ರೇಗಿದಳು.

ಅಪ್ಪ ಎದ್ದು ಬಚ್ಚಲುಮನೆಯ ನಲ್ಲಿ ಬಿಗಿ ಮಾಡಲು ಹೋದರು. ನನಗೆ ಮೈಯೆಲ್ಲ ಉರಿಯಿತು. ಕುಡಿಯದವರು ಕುಡಿದಿಲ್ಲ ಎನ್ನಲು ಏನು ಕಷ್ಟ? ಆ ರಾತ್ರಿ ನನ್ನ ತಲೆಗೆ ಅನುಮಾನ ಹೊಕ್ಕಿತು. ಅಮ್ಮನ ತಲೆಯಲ್ಲೂ ಅದೇ ಇತ್ತೆಂದು ಅವಳು ಪಾತ್ರೆ ಕುಕ್ಕುವ ಸದ್ದಿನಲ್ಲೇ ತಿಳಿಯುತ್ತಿತ್ತು.

ಅನುಮಾನ ಇದ್ದರೇನು, ಅಪ್ಪನನ್ನು ಬಿಟ್ಟುಕೊಡಲಾಗುತ್ತದೆಯೇ? ವಿಚಾರಣೆಗೆ ಜೊತೆಯಲ್ಲಿ ಒಬ್ಬರನ್ನು ಕರೆತರಬಹುದು ಎಂದಿದ್ದರು. ನಾನು ಬರುತ್ತೇನೆ ಎಂದೆ. ನನಗೆ ಗೊತ್ತಿರುವ ಆಯುಧ ಒಂದೇ. ಕಚೇರಿಯಲ್ಲಿ 'ಟೈಟ್' ಪದವನ್ನು ಹಿಡಿದು ಕೂತೆ.

ಅದರ ಚರಿತ್ರೆ ನೋಡಿದರೆ ಅಳುವುದೋ ನಗುವುದೋ ತಿಳಿಯದು. ಬಹಳ ಹಿಂದೆ ಅದು 'ಥೈಟ್' ಎಂಬಂತಿತ್ತು. ಉತ್ತರ ಯುರೋಪಿನ ಕಡಲ ಜನರ ಮಾತಿನ ಕಡೆಯಿಂದ ನೆಂಟಸ್ತಿಕೆ. ಅರ್ಥ: ದಟ್ಟವಾದದ್ದು, ಒತ್ತಾದದ್ದು, ಸಂದಿಲ್ಲದ್ದು. ನೀರು ಒಳಗೆ ಜಿನುಗದ ಹಡಗಿಗೆ ಹೇಳುವ ಮೆಚ್ಚುಗೆಯ ಮಾತು. ಆಮೇಲೆ ಎಳೆದು ಕಟ್ಟಿದ ಹಗ್ಗಕ್ಕೆ ಬಂತು, ಮೈಗಂಟಿದ ಅಂಗಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಿಪುಣನ ಮುಷ್ಟಿಗೆ ಬಂತು. ಅದಾದ ಸ್ವಲ್ಪ ಕಾಲಕ್ಕೇ ಆಡುಮಾತಿನಲ್ಲಿ ಕುಡುಕನ ಹೆಗಲೇರಿತು. ಸೋರದೆ ಇರುವುದಕ್ಕೆಂದು ಹುಟ್ಟಿದ ಪದ, ಮೈ ಮಾತು ಎರಡೂ ಹಿಡಿತ ತಪ್ಪಿ ಸೋರುವ ಮನುಷ್ಯನಿಗೆ ಹೇಗೆ ಅಂಟಿತು? ತುಂಬಿ ಬಿಗಿದ ಚೀಲ ನೋಡಿ ಯಾರಿಗೋ ಹೊಳೆದಿರಬಹುದು. ಖಚಿತವಾಗಿ ಹೇಳುವವರಿಲ್ಲ. ಈಚೆಗೆ ಅದೇ ಪದ ಬಿಟ್ಟಿರಲಾರದ ಗೆಳೆಯರಿಗೂ ಸಲ್ಲುತ್ತದೆ. ಇಂಗ್ಲಿಷರ ನಾಡಿನಲ್ಲಿ ಕುಡುಕನ ಅರ್ಥ ಈಗ ತಾತಂದಿರ ಕಾಲದ್ದೆಂಬಂತೆ ಕೇಳಿಸುತ್ತದಂತೆ. ನಾವು ಮಾತ್ರ ಅದನ್ನು ಕೈಬಿಡದೆ, ಅದರ ತಲೆಗೊಂದು 'ಫುಲ್' ಸೇರಿಸಿ ಸಾಕಿಕೊಂಡಿದ್ದೇವೆ.

ನಮ್ಮಲ್ಲಿ ಅದಕ್ಕೆ ಬೇರೆ ವೇಷಗಳೂ ಇವೆ. ಅವರಿಗೆ ಕೈ ಟೈಟಾದರೆ ಜಿಪುಣತನ. ನಮಗೆ ಕೈ ಟೈಟಾದರೆ ಕಾಸಿಲ್ಲ. ಟೈಮ್ ಟೈಟ್ ಎಂದರೆ ಬಿಡುವಿಲ್ಲ. ಅದೇ ಜಾಗದಲ್ಲಿ ನಮ್ಮ 'ಬಿಗಿ'ಯನ್ನು ನೋಡಿ. ಮುಖ ಬಿಗಿಯಾಗುತ್ತದೆ, ಕೈ ಬಿಗಿಯಾಗುತ್ತದೆ, ಪಹರೆ ಬಿಗಿಯಾಗುತ್ತದೆ. ಇಷ್ಟೆಲ್ಲ ಓಡಾಡಿದರೂ ಆ ಪದ ಈವರೆಗೆ ಒಂದು ತೊಟ್ಟು ಬಾಯಿಗೆ ಹಾಕಿಲ್ಲ. ಅಪ್ಪ ಅಂದು "ಬಿಗಿಯಾಗಿದೆ ಸಾರ್" ಎಂದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಆದರೆ ಸ್ಪ್ಯಾನರ್ ಹಿಡಿದವರು ಯಾರು ಹಾಗೆ ಮಾತಾಡುತ್ತಾರೆ?

ವಿಚಾರಣೆಯ ಕೋಣೆ ಕಂಪನಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ನೀರಿನ ಜಗ್ಗು, ಕರಕರ ಎನ್ನುವ ಫ್ಯಾನು. ಮೇಜಿನ ಆ ತುದಿಯಲ್ಲಿ ಹಿರಿಯ ಮ್ಯಾನೇಜರ್ ಮೇಡಂ, ಪಕ್ಕದಲ್ಲಿ ಸೂಪರ್‌ವೈಸರ್. ಸಾಕ್ಷಿಗೆಂದು ಕಂಪನಿಯ ಹಳೆಯ ಸ್ಟೋರ್‌ಕೀಪರ್. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಸೂಪರ್‌ವೈಸರನ ಮೇಲೆ ಹರಿಹಾಯಲು ನಾನು ಸಿದ್ಧಳಾಗಿಯೇ ಹೋಗಿದ್ದೆ. ನೋಡಿದರೆ ಅವನದು ಸುಳ್ಳು ಹೇಳುವ ಮುಖವಾಗಿರಲಿಲ್ಲ.

"ಪರಿಸ್ಥಿತಿ ಹೇಗಿದೆ ಅಂದೆ ಮೇಡಂ. ಫುಲ್ ಟೈಟು, ಇನ್ನು ಅಲ್ಲಾಡಲ್ಲ ಅಂತ ನಗ್ತಾ ಅಂದ್ರು," ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. "ಆಗ ನಾನೂ ತಮಾಷೆ ಅಂತಾನೇ ಬಿಟ್ಟೆ. ಆಮೇಲೆ ಲಿಫ್ಟ್ ನಿಂತಾಗ ಭಯ ಆಯ್ತು."

ಒಳಗೆ ಸಿಕ್ಕಿಕೊಂಡಿದ್ದವರಲ್ಲಿ ಒಬ್ಬರನ್ನು ಮೇಡಂ ವಿಚಾರಿಸಿದ್ದರು. ಆ ಗಾಬರಿಯಲ್ಲಿ, ಬಾಗಿಲ ಸಂದಿಯಲ್ಲಿ ಅವರಿಗೆ ಕಂಡದ್ದು ಅಪ್ಪನ ಬೂಟು, ಟಾರ್ಚು ಎರಡೇ. ಮಾತು ತುಂಬಾ ನಿಧಾನವಾಗಿತ್ತು ಎಂದಿದ್ದರಂತೆ. ಹೆದರಿದವರ ಜೊತೆ ಯಾರಾದರೂ ನಿಧಾನವಾಗಿ ಮಾತಾಡುತ್ತಾರೆ ಎಂದು ನಾನು ಬಾಯಿ ಹಾಕಿದೆ. ಹಾಕಿದ ಬಾಯನ್ನು ಮುಚ್ಚದೆ ಹಡಗು, ಹಗ್ಗ, ಜಿಪುಣ ಎಂದು ಪದದ ಜಾತಕ ಬಿಚ್ಚತೊಡಗಿದೆ. ಜಿಪುಣನವರೆಗೆ ಬಂದಿದ್ದೆ, ಮೇಡಂ ಕೈಯೆತ್ತಿದರು.

"ತುಂಬಾ ಚೆನ್ನಾಗಿದೆ. ಆದ್ರೆ ಹಡಗಿನವರು ಏನಂತಿದ್ರು ಅನ್ನೋದು ನನಗೆ ಬೇಡ. ಇವರು ಅವತ್ತು ಏನಂದ್ರು ಅನ್ನೋದು ಬೇಕು." ಸ್ಟೋರ್‌ಕೀಪರ್ ಕಡೆ ತಿರುಗಿದರು. "ಇವರನ್ನ ಎಲ್ಲರೂ ಟೈಟಣ್ಣ ಅಂತಾರಂತಲ್ಲ, ಅದು ಯಾಕೆ?"

ಸ್ಟೋರ್‌ಕೀಪರ್ ಅಪ್ಪನ ಜೊತೆಗಾರ. ಸೂರು ನೋಡಿದರು, ಕೆಮ್ಮಿದರು, ಕನ್ನಡಕ ತೆಗೆದು ಹಾಕಿಕೊಂಡರು. ಅವರ ಬಾಯಿಂದ ನಿಜ ಹೊರಗೆ ಬೀಳುವುದರಲ್ಲಿತ್ತು. ನಾನು ಮುಂಚೆಯೇ ನುಗ್ಗಿದೆ.

"ಬೋಲ್ಟು ಟೈಟ್ ಮಾಡೋದ್ರಿಂದ ಬಂದ ಹೆಸರು ಮೇಡಂ. ಬೇಕಾದ್ರೆ ಇಲ್ಲಿ ಕೆಲಸ ಮಾಡೋ ಯಾರನ್ನಾದ್ರೂ ಕೇಳಿ. ಮೊದಲಿಂದಲೂ ಅದೇ ಅರ್ಥ."

ಪದಗಳ ಹುಟ್ಟನ್ನು ಹುಡುಕಿ ಅನ್ನ ತಿನ್ನುವ ನಾನು, ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಹುಟ್ಟನ್ನು ತಿರುಚಿ ಹೇಳಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಕೈಗಳನ್ನು ಮೇಜಿನ ಮೇಲಿಟ್ಟರು.

"ಇಲ್ಲ ಮೇಡಂ," ಎಂದರು. "ಮಗಳು ನನ್ನ ಮರ್ಯಾದೆ ಉಳ್ಸೋಕೆ ಹೇಳ್ತಿದಾಳೆ. ಅದು ಕುಡ್ತದಿಂದ ಬಂದ ಹೆಸರು. ಆಗೆಲ್ಲ ದಿನಾ ಕುಡೀತಿದ್ದೆ. ಕೆಲ್ಸಕ್ಕೂ ಕುಡಿದು ಬಂದಿದೀನಿ, ಸ್ಟೋರಿನವ್ರಿಗೆ ಗೊತ್ತು. ಬೋಲ್ಟಿನ ಕಥೆ ಆಮೇಲೆ ಹುಟ್ಟಿದ್ದು. ನಂಗೆ ಅದೇ ಇಷ್ಟ ಆಗ್ತಿತ್ತು, ಅದಕ್ಕೆ ಯಾರನ್ನೂ ತಿದ್ಲಿಲ್ಲ." ಒಂದು ಗುಟುಕು ನೀರು ಕುಡಿದರು. "ಇನ್ನೊಂದು. ಅವತ್ತು ಹೇಳಿದ್ದ ಕೆಲ್ಸ ಹಳಿಯದು. ಸ್ವಿಚ್ಚು ನಾನು ನೋಡ್ಲಿಲ್ಲ. ನೋಡ್ಬಹುದಿತ್ತು."

ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಸೂಪರ್‌ವೈಸರ್ ಕೂಡ ತಲೆ ತಗ್ಗಿಸಿದ. ಮೇಡಂ ಪೆನ್ನನ್ನು ಮೇಜಿಗೆ ಮೆಲ್ಲಗೆ ಕುಟ್ಟುತ್ತಾ, "ಹಾಗಾದ್ರೆ ಕಷ್ಟ ಆಯ್ತಲ್ಲ" ಎಂದರು. "ಕುಡಿದವರು ಬಾಯಿ ತಪ್ಪಿ ನಿಜ ಹೇಳಿಬಿಡೋದೂ ಉಂಟು. ಪರಿಸ್ಥಿತಿ ಹೇಗಿದೆ ಅಂತ ಕೇಳಿದಾಗ ಇವರೂ ಹಾಗೇ ಹೇಳಿರಬಹುದು ಅಲ್ವಾ? ಫುಲ್ ಟೈಟ್ ಆಗಿದ್ದೀನಿ, ಇಲ್ಲಿಂದ ಅಲ್ಲಾಡಲ್ಲ ಅಂತ?"

"ಇಲ್ಲ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಹೇಳುವಾಗ ಕಾರಣ ಗೊತ್ತಿರಲಿಲ್ಲ. ಹೇಳಿದ ಮೇಲೆ ಅದು ಕಣ್ಣ ಮುಂದೆ ಬಂದು ನಿಂತಿತು. ಅದನ್ನು ಹೊರಗೆ ಹಾಕಬೇಕಾದರೆ ನಮ್ಮ ಮನೆಯ ಬಾಗಿಲನ್ನು ಈ ಅಪರಿಚಿತರೆದುರು ಹಾರುಹೊಡೆಯಬೇಕಿತ್ತು. ಅಪ್ಪನ ಮುಖ ನೋಡಿದೆ. ಹೇಳು ಎನ್ನುವಂತೆ ಅವರು ಗದ್ದವನ್ನು ತುಸು ಮೇಲೆತ್ತಿದರು.

"ಮೇಡಂ, ಕುಡಿದವರ ವಿಷಯದಲ್ಲಿ ಟೈಟ್ ಅನ್ನೋ ಮಾತು ಯಾವಾಗ್ಲೂ ಇನ್ನೊಬ್ಬರದು. ಅವನು ಟೈಟು ಅಂತೀವಿ. ನೀನು ಟೈಟು ಅಂತೀವಿ. ನಿನ್ನೆ ಫುಲ್ ಟೈಟಾಗಿದ್ದೆ ಅಂತ ಜಂಬ ಕೊಚ್ಕೊಳ್ಳೋರೂ ಇದ್ದಾರೆ. ಆದ್ರೆ ಆ ಹೊತ್ತಿಗೆ, ಅಮಲಲ್ಲಿ ನಿಂತ್ಕೊಂಡು, ಅದೂ ಮೇಲಿನವ್ರ ಹತ್ರ, ನಾನೀಗ ಟೈಟು ಅಂತ ಯಾರು ಹೇಳ್ತಾರೆ? ಬೇರೆಯವ್ರು ಹೇಳಬಹುದೇನೋ. ನಮ್ಮಪ್ಪ ಹೇಳಲ್ಲ. ನಾನು ಅಷ್ಟು ವರ್ಷ ದಿನಾ ಬಾಗಿಲು ತೆಗ್ದಿದೀನಿ. ಗೋಡೆ ಹಿಡ್ಕೊಂಡು ನಿಂತಿರೋರು. ಬಾಯಿ ತೊದಲ್ತಾ ಇರೋದು, ಒಂದು ಚಪ್ಪಲಿ ಇರ್ತಿರ್ಲಿಲ್ಲ. ನಾನು ಕೇಳೋಕೆ ಮುಂಚೆನೇ ಹೇಳೋರು, ನಾನು ಕುಡಿದಿಲ್ಲ ಪುಟ್ಟಿ ಅಂತ. ಒಂದು ಸಲ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದು ರಕ್ತ ಸೋರ್ತಿದ್ರೂ ಅದೇ ಮಾತು. ಒಂದೇ ಒಂದು ದಿನ, ಬಾಯಿ ತಪ್ಪಿ ಕೂಡ, ಕುಡಿದಿದೀನಿ ಅಂತ ಅಂದಿಲ್ಲ. ಇವ್ರು ಅವತ್ತು ಕುಡಿದಿದ್ರೆ, ಪರಿಸ್ಥಿತಿ ಹೇಗಿದೆ ಅಂತ ಕೇಳಿದ ತಕ್ಷಣ ಆ ಮಾತೇ ಬರ್ಬೇಕಿತ್ತು. ಫುಲ್ ಟೈಟು ಅಂತ ನಗ್ತಾ ಹೇಳಿದ್ರು ಅಂದ್ರೆ ಕುಡಿದಿರ್ಲಿಲ್ಲ."

ಸ್ಟೋರ್‌ಕೀಪರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹೌದು ಮೇಡಂ. ನಮ್ಮ ಹತ್ರಾನೂ ಹಾಗೇ. ಸ್ಟೂಲಿಂದ ಬಿದ್ರೂ ಕುಡಿದಿಲ್ಲ ಅನ್ನೋನು" ಎಂದರು.

ಮೇಡಂ ನನ್ನನ್ನೇ ನೋಡುತ್ತಿದ್ದರು. "ಇದು ನಿಮಗೆ ಮೊದಲಿಂದಲೂ ಗೊತ್ತಿತ್ತಾ? ಅಪ್ಪನ್ನ ನಂಬಿಕೊಂಡೇ ಬಂದ್ರಾ?"

ಹೌದು ಎನ್ನುವುದು ಸುಲಭವಿತ್ತು. ಒಂದು ಸಲ ಹಾಗೆ ಸುಲಭವಾದದ್ದನ್ನು ಹೇಳಿ ಆಗತಾನೇ ಮಂಗಳಾರತಿ ಆಗಿತ್ತು.

"ಇಲ್ಲ," ಎಂದೆ. "ಅನುಮಾನ ಇಟ್ಕೊಂಡೇ ಬಂದೆ. ಈಗ ಗೊತ್ತಾಯ್ತು."

ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಅಪ್ಪ ಒಂದು ತುದಿ, ನಾನು ಒಂದು ತುದಿ. ಅವರು ಅಂಗೈ ನೋಡಿಕೊಳ್ಳುತ್ತಿದ್ದರು. ನನ್ನ ಮಾತು ಅವರಿಗೆ ಎಲ್ಲಿ ತಗುಲಿತೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಸೂಪರ್‌ವೈಸರ್ ತಾನೇ ಬಂದು ಹೇಳಿದ: ಸ್ವಿಚ್ಚು ನೋಡದ್ದಕ್ಕೆ ಒಂದು ಎಚ್ಚರಿಕೆ, ಕುಡಿತದ ಮಾತು ಬಿಟ್ಟಿದ್ದಾರೆ, ಸೋಮವಾರದಿಂದ ಬರಬಹುದು. "ಇನ್ಮೇಲೆ ಪೂರ್ತಿ ಬಿಡಿಸಿ ಕೇಳ್ತೀನಿ ಅಣ್ಣ," ಎಂದು ಅಪ್ಪನ ಕೈ ಹಿಡಿದುಕೊಂಡ.

"ನಾನೂ ಪೂರ್ತಿ ಬಿಡಿಸಿ ಹೇಳ್ತೀನಿ ಬಿಡಪ್ಪ," ಎಂದರು ಅಪ್ಪ.

ಕೆಳಗೆ ಹೋಗಲು ಲಿಫ್ಟ್ ಹತ್ತಿದೆವು. ನಮ್ಮ ಜೊತೆ ಪಾರ್ಸೆಲ್ ಹಿಡಿದ ಒಬ್ಬ ಹತ್ತಿದ. ಬಾಗಿಲು ಮುಚ್ಚಿತು. ಅಪ್ಪ ಅಭ್ಯಾಸಬಲದಿಂದ ಬಾಗಿಲ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದರು.

"ಮನೇಲಿ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅಪ್ಪಾ?" ಎಂದೆ. "ಒಂದು ಮಾತು. ಕುಡಿದಿರ್ಲಿಲ್ಲ ಅಂತ ಹೇಳಿದ್ರೆ ಸಾಕಿತ್ತು."

"ಸಾಕಾಗ್ತಿತ್ತಾ?"

ನಾನು ಲಿಫ್ಟಿನ ನೆಲ ನೋಡಿದೆ.

"ಎಷ್ಟೋ ಸಲ ಬಾಯಿವರೆಗೂ ಬಂತು ಪುಟ್ಟಿ. ನುಂಗ್ಕೊಂಡೆ. ನೀನೇ ಈಗ ಹೇಳಿದ್ಯಲ್ಲ ಒಳಗೆ. ಆ ಮಾತನ್ನ ನಾನೇ ಹಾಳು ಮಾಡಿಟ್ಟಿದೀನಿ. ನಮ್ಮನೇಲಿ ನಾನು ಕುಡಿದಿಲ್ಲ ಅಂದ್ರೆ ಕುಡಿದಿದೀನಿ ಅಂತಾನೇ ಅರ್ಥ. ನಿಂಗೂ ಹಾಗೇ, ನಿಮ್ಮಮ್ಮನಿಗೂ ಹಾಗೇ. ನಿಜವಾಗ್ಲೂ ಹೇಳ್ಬೇಕಾಗಿ ಬಂದಾಗ ಬೇರೆ ಮಾತು ಎಲ್ಲಿಂದ ತರ್ಲಿ? ಅದಕ್ಕೇ ಸುಮ್ನಿದ್ದೆ."

ಆ ದಿನಗಳಲ್ಲಿ ಅವರು ಮನೆಯ ತುಂಬಾ ಬಿಗಿ ಮಾಡುತ್ತಾ ಓಡಾಡಿದ್ದು, ನಾವಿಬ್ಬರು ಅವರ ಬೆನ್ನನ್ನು ಕಳ್ಳಗಣ್ಣಿನಿಂದ ನೋಡಿದ್ದು ಎಲ್ಲ ನೆನಪಾಗಿ ನನಗೆ ತಡೆಯಲಾರದಷ್ಟು ಸಂಕಟವಾಯಿತು. ಸುಮ್ಮನಿರುವುದೇ ಅವರಿಗೆ ಉಳಿದಿದ್ದ ಒಂದೇ ನಿಜವಾಗಿತ್ತು. ಅದನ್ನೂ ನಾನು ತಪ್ಪಾಗಿ ಓದಿದ್ದೆ.

"ಈಗ ಹೇಳಿ," ಎಂದೆ.

"ಈಗ್ಲಾ?" ಅಪ್ಪ ಪಾರ್ಸೆಲಿನವನ ಕಡೆ ಓರೆಗಣ್ಣು ಹಾಯಿಸಿದರು.

"ಈಗ್ಲೇ. ನಂಗೆ ಕೇಳ್ಬೇಕು."

ಅಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳಿದರು. "ನಾನು ಕುಡಿದಿಲ್ಲ ಪುಟ್ಟಿ."

ಪಾರ್ಸೆಲಿನವನು ಬೆಚ್ಚಿದ. ಪಾರ್ಸೆಲನ್ನು ಎದೆಗವಚಿಕೊಂಡು ಮೆಲ್ಲಗೆ ಮೂಲೆಗೆ ಸರಿದ. ಅವನ ಮೂಗಿನ ಹೊಳ್ಳೆ ಒಂದು ಸಲ ಅರಳಿದ್ದನ್ನು ನಾವಿಬ್ಬರೂ ನೋಡಿದೆವು. ಹಾಡಹಗಲಲ್ಲಿ, ಯಾರೂ ಕೇಳದೆ, ಒಬ್ಬ ಮನುಷ್ಯ ತಾನು ಕುಡಿದಿಲ್ಲ ಎಂದರೆ ಲೋಕ ಏನೆಂದು ತಿಳಿಯಬೇಕು? ಅಪ್ಪನಿಗೆ ಮೊದಲು ನಗು ಬಂತು. ಅವರು ಹೊಟ್ಟೆ ಹಿಡಿದುಕೊಂಡು, ಕೈಕಂಬಿಗೆ ಒರಗಿಕೊಂಡು, ಕುಡಿದವರ ಹಾಗೆಯೇ ನಕ್ಕರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಗೊತ್ತಪ್ಪಾ," ಎಂದು ಅವರ ತೋಳು ಹಿಡಿದುಕೊಂಡೆ. "ಗೊತ್ತು. ನಂಬಿದೀನಿ."

ಕೆಳಗೆ ಬಾಗಿಲು ತೆರೆಯುತ್ತಿದ್ದಂತೆ ಪಾರ್ಸೆಲಿನವನು ತಿರುಗಿಯೂ ನೋಡದೆ ಓಡಿದ. ನಾವು ಇಳಿಯುವುದನ್ನೇ ಮರೆತು ನಿಂತಿದ್ದೆವು. ಬಾಗಿಲು ಮತ್ತೆ ಮುಚ್ಚಿಕೊಂಡಿತು.